ಬಂದ ಅತಿಥಿಗೆ ಬೆಂದ ಕಾಳು

ಮನೆಯ ಹೊಸ್ತಿಲು ದಾಟಿ ಬಂದವರನ್ನೆಲ್ಲ ಅತಿಥಿಗಳೆಂದು ನಾವು ಇಂದು ಸಡಿಲವಾಗಿ ಕರೆಯುತ್ತೇವೆ. ಸ್ಮೃತಿಕಾರರು ಅಷ್ಟು ಸಡಿಲ ಬಿಟ್ಟವರಲ್ಲ. ಮನುಸ್ಮೃತಿಯ ಮೂರನೆಯ ಅಧ್ಯಾಯದ ಲೆಕ್ಕದಲ್ಲಿ ಒಂದೇ ಒಂದು ರಾತ್ರಿ ತಂಗುವವನು ಅತಿಥಿ. ಅವನ ಇರವು ನಿತ್ಯವಲ್ಲದ್ದರಿಂದ ಆ ಹೆಸರು. ಮಧ್ಯಾಹ್ನ ಬಂದು ಉಂಡು ಹೋದವನು ಅತಿಥಿಯಲ್ಲ. ಪೆಟ್ಟಿಗೆ ಹೊತ್ತು ಬಂದು ತಿಂಗಳುಗಟ್ಟಲೆ ಠಿಕಾಣಿ ಹೂಡಿದ ನೆಂಟನೂ ಅಲ್ಲ. ಈ ಎರಡನೆಯವನನ್ನು ಏನೆನ್ನಬೇಕೆಂಬುದಕ್ಕೆ ಸ್ಮೃತಿಯ ನೆರವು ಬೇಕಿಲ್ಲ, ನಮ್ಮ ಅಡಿಗೆಯ ಮನೆಗಳಲ್ಲೇ ಮಾತುಗಳಿವೆ. ಆ ಲಕ್ಷಣ ಬ್ರಾಹ್ಮಣನಾದ ಅತಿಥಿಯನ್ನು ಕುರಿತು ಹೇಳಿದ್ದೆಂಬುದನ್ನೂ ಮರೆಯಬಾರದು. ಹಸಿವಿಗೆ ಅಂಥ ನಿಬಂಧನೆಯೇನೂ ಇದ್ದಂತಿಲ್ಲ. ಅದೇನೇ ಇರಲಿ, ಸಂಜೆ ಬಂದು ಬೆಳಗ್ಗೆ ಹೊರಡುವ ಈ ಮನುಷ್ಯನಿಗೆ ನಮ್ಮ ನಾಡಿನಲ್ಲಿ ಏನನ್ನು ಬಡಿಸುತ್ತಿದ್ದರು, ಅದನ್ನು ಯಾವಾಗ ಮಾಡಿಟ್ಟಿರುತ್ತಿದ್ದರು ಎಂಬ ವಿಚಾರವನ್ನು ವಾಚಕರ ಮುಂದೆ ಇಡಬೇಕೆಂದು ಹೊರಟಿದ್ದೇನೆ. ಇದಕ್ಕೆ ಪ್ರೇರಣೆ ನನ್ನ ತರಗತಿಯ ಒಬ್ಬ ಹುಡುಗಿ.

ನಾನಿರುವುದು ಬೆಂಗಳೂರಿನ ದಕ್ಷಿಣಕ್ಕೆ, ಬನ್ನೇರುಘಟ್ಟದ ರಸ್ತೆಯ ಅರೆಕೆರೆಯಲ್ಲಿ. ಹೆಸರಿನ ಮೊದಲ ಭಾಗಕ್ಕೆ ಅರ್ಧವೆಂದು ಅರ್ಥಮಾಡಬಹುದು. ಹಳಗನ್ನಡದ ಶಕಟರೇಫದ ರೂಪವನ್ನು ಹಿಡಿದರೆ ಬಂಡೆಯೆಂದೂ ಆಗುತ್ತದೆ. ಕೆರೆಯ ಆಸುಪಾಸಿನ ನೆಲವನ್ನು ನೋಡಿದರೆ ಬಂಡೆಯ ಕಡೆಗೇ ನನ್ನ ಮನಸ್ಸು ವಾಲುತ್ತದೆ. ಮನೆಯವಳು ಮಾತ್ರ ಮೂರನೆಯ ಅರ್ಥವನ್ನು ಮುಂದಿಡುತ್ತಾಳೆ: ರುಬ್ಬುವುದು, ಅರೆಯುವುದು! ನೆಂಟರು ಬರುವ ವಾರಗಳಲ್ಲಿ ಅವಳ ಮಾತನ್ನು ಅಲ್ಲಗಳೆಯುವ ಧೈರ್ಯ ನನಗೆ ಬಂದಿಲ್ಲ.

ಒಂದು ದಿನ ಪಾಠದ ನಡುವೆ ಬೆಂಗಳೂರಿನ ಹೆಸರಿನ ಕಥೆ ಬಂತು. ನಿಮಗೆಲ್ಲ ತಿಳಿದ ಕಥೆಯೇ. ಹೊಯ್ಸಳ ದೊರೆ ಬೇಟೆಗೆ ಬಂದು ಕಾಡಿನಲ್ಲಿ ದಾರಿ ತಪ್ಪುತ್ತಾನೆ. ಕತ್ತಲಾಗುತ್ತದೆ. ಒಂಟಿ ಗುಡಿಸಲಿನ ಮುದುಕಿ ಅವನಿಗೆ ಬೆಂದ ಕಾಳನ್ನು ಕೊಡುತ್ತಾಳೆ. ಆ ಉಪಕಾರಕ್ಕಾಗಿ ದೊರೆ ಆ ಸ್ಥಳವನ್ನು ಬೆಂದಕಾಳೂರೆಂದು ಕರೆದ. ಅದೇ ಸವೆದು ಬೆಂಗಳೂರಾಯಿತು. ದೊರೆ ಇಮ್ಮಡಿ ವೀರಬಲ್ಲಾಳನೆಂದು ಸಾಮಾನ್ಯವಾಗಿ ಹೇಳುತ್ತಾರೆ. ಅವನು ಆಳಿದ್ದು ೧೧೭೩ರಿಂದ ೧೨೨೦ರವರೆಗೆ. ಅರೆಕೆರೆಯಿಂದ ಒಂದು ಬೆಳಗಿನ ನಡಿಗೆಯಷ್ಟು ದೂರದ ಬೇಗೂರಿನಲ್ಲಿ, ಪಂಚಲಿಂಗೇಶ್ವರ ದೇವಾಲಯದ ಆವರಣದಲ್ಲಿ, ಒಂದು ಶಾಸನವಿದೆ. ಗಂಗರ ಕಾಲದ್ದು, ಸುಮಾರು ಕ್ರಿ. ಶ. ೮೯೦ರದ್ದೆಂದು ವಿದ್ವಾಂಸರ ಮತ. ನಾಗತ್ತರನೆಂಬ ಅಧಿಕಾರಿಯ ಕಡೆಯವನೊಬ್ಬ ಬೆಂಗಳೂರಿನ ಕಾಳಗದಲ್ಲಿ ಮಡಿದನೆಂದು ಅದು ಹೇಳುತ್ತದೆ. ಬಲ್ಲಾಳನು ಪಟ್ಟವೇರುವುದಕ್ಕೆ ಇನ್ನೂರೆಂಬತ್ತು ವರ್ಷಗಳ ಮೊದಲೇ ಊರಿಗೆ ಆ ಹೆಸರು ಇತ್ತೆಂದಮೇಲೆ ದೊರೆ ಕೊಟ್ಟ ಹೆಸರೆಂಬ ಮಾತು ನಿಲ್ಲುವುದಿಲ್ಲ. ಕಥೆ ಸುಳ್ಳು ಎಂದು ನಾನು ಹಲಗೆಯ ಮೇಲೆ ಎರಡು ಇಸವಿಗಳನ್ನೂ ಬರೆದು ತೋರಿಸಿದೆ.

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, ‘ಹಾಗಾದರೆ ಆ ಅಜ್ಜಿಯೂ ಸುಳ್ಳೇ ಸಾರ್?’ ಎಂದಳು.

ಮಕ್ಕಳು ನಕ್ಕರು. ನಾನೂ ನಕ್ಕು ಮುಂದಿನ ಪಾಠಕ್ಕೆ ಹೋದೆ. ಆದರೆ ಪ್ರಶ್ನೆ ನನ್ನ ಸಂಗಡ ಮನೆಗೆ ಬಂತು. ದೊರೆಯ ಕಾಲ ತಪ್ಪಿದರೆ ದೊರೆ ಹೋಗುತ್ತಾನೆ. ಗುಡಿಸಲಿನ ಮಡಕೆ ಏಕೆ ಹೋಗಬೇಕು? ಶಬ್ದಶಾಸ್ತ್ರವನ್ನು ಬದಿಗಿಟ್ಟು ಕಥೆಯನ್ನು ಅಡಿಗೆಯ ದೃಷ್ಟಿಯಿಂದ ಮತ್ತೊಮ್ಮೆ ಓದಿ ನೋಡಿ. ದೊರೆ ಬಂದದ್ದು ಕತ್ತಲಾದ ಮೇಲೆ. ಒಣಗಿದ ಕಾಳು ನೆನೆಯುವುದಕ್ಕೆ ಒಂದು ರಾತ್ರಿ ಬೇಕು, ಸೌದೆಯ ಒಲೆಯ ಮೇಲೆ ಬೇಯುವುದಕ್ಕೆ ಒಂದೆರಡು ತಾಸು ಬೇಕು. ಹಸಿದು ಬಂದವನ ಮುಂದೆ ಅದನ್ನು ಕೂಡಲೇ ಇಡಬೇಕಾದರೆ ಹಿಂದಿನ ದಿನವೇ ಯಾರೋ ನೆನೆಹಾಕಿರಬೇಕು, ಸಂಜೆಗೆ ಮೊದಲೇ ಬೇಯಿಸಿ ಇಳಿಸಿರಬೇಕು. ಕಥೆ ಕಟ್ಟಿದವರಿಗೆ ಇಸವಿ ಗೊತ್ತಿರಲಿಲ್ಲ, ಆದರೆ ಅಡಿಗೆಯ ಮನೆ ಗೊತ್ತಿತ್ತು. ಅನಿರೀಕ್ಷಿತನಾಗಿ ಬಂದವನಿಗೆ ಬಡವಿ ಕೊಡಬಲ್ಲದ್ದು ಮಾಡಿಟ್ಟದ್ದನ್ನೇ ಹೊರತು ಮಾಡಬೇಕಾದದ್ದನ್ನಲ್ಲ.

ನಮ್ಮ ಸೀಮೆಯ ಅಡಿಗೆಯ ಬಹುಭಾಗ ಈ ಮುಂಚಿತದ ವ್ಯವಸ್ಥೆಯ ಮೇಲೆಯೇ ನಿಂತಿದೆ. ರಾತ್ರಿಯ ಅತಿಥಿಯ ಲೆಕ್ಕ ಒಂದು ಊಟದ್ದಲ್ಲ, ಮೂರರದು: ಬಂದ ಕೂಡಲೆ ಒಂದು ಊಟ, ಬೆಳಗ್ಗೆ ತಿಂಡಿ, ಹೊರಡುವಾಗ ದಾರಿಯ ಬುತ್ತಿ. ಮೂರನ್ನೂ ಅವನು ಬಂದ ಮೇಲೆ ಮಾಡಲು ಕೂತರೆ ಮನೆಯಾಕೆಗೆ ಅವನ ಮುಖ ನೋಡಿ ಒಂದು ಮಾತಾಡಲೂ ಬಿಡುವಿರದು.

ಮೊದಲ ಊಟಕ್ಕೆ ಬಸ್ಸಾರಿಗಿಂತ ಜಾಣತನದ ಅಡಿಗೆಯನ್ನು ನಾನು ಕಾಣೆ. ಕಾಳು ಸೊಪ್ಪುಗಳನ್ನು ಬೇಯಿಸಿ ನೀರನ್ನು ಬಸಿಯುತ್ತಾರೆ. ಬಸಿದ ಕಟ್ಟು ಸಾರಾಗುತ್ತದೆ, ಉಳಿದ ಕಾಳು ಒಗ್ಗರಣೆ ಕಂಡು ಪಲ್ಯವಾಗುತ್ತದೆ. ಒಂದು ಒಲೆ, ಒಂದು ಮಡಕೆ, ಎರಡು ಪದಾರ್ಥ. ನಾಲ್ಕು ಜನಕ್ಕೆ ಎರಡು ಪಾವು ಕಾಳು ಧಾರಾಳವಾಗಿ ಸಾಕು. ಸಾರು ಆರಿ ಮತ್ತೆ ಕುದಿದಷ್ಟೂ ರುಚಿ ಏರುವುದರಿಂದ ಅತಿಥಿ ತಡವಾಗಿ ಬಂದರೆ ನಷ್ಟವಿಲ್ಲ, ಲಾಭವೇ. ಬಂದಮೇಲೆ ಉಳಿಯುವ ಕೆಲಸ ಮುದ್ದೆ ತಿರುವುವುದೊಂದೇ. ರಾಗಿಯಂತೂ ಕಾಯುವುದರಲ್ಲಿ ಎಲ್ಲ ಧಾನ್ಯಗಳನ್ನೂ ಮೀರಿಸಿದ್ದು. ನೆಲದೊಳಗಿನ ಹಗೇವಿನಲ್ಲಿ ತುಂಬಿಟ್ಟರೆ ವರ್ಷಗಟ್ಟಲೆ ಹುಳು ಹಿಡಿಯದೆ ಇರುತ್ತದೆ. ೧೮೦೦ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ ಇಲ್ಲಿಯ ಜನರ ಮುಖ್ಯ ಆಹಾರ ರಾಗಿಯೆಂದು ಕಂಡು ಅದರ ಬೇಸಾಯವನ್ನು ವಿಸ್ತಾರವಾಗಿ ಬರೆದಿಟ್ಟ. ಬರಗಾಲವನ್ನೂ ಅತಿಥಿಯನ್ನೂ ಒಂದೇ ಗುಳಿಯ ಧಾನ್ಯದಿಂದ ಎದುರಿಸಿದ ನಾಡು ನಮ್ಮದು.

ಮಾರ್ಗಶಿರ ಪುಷ್ಯಗಳಲ್ಲಿ ಬೆಂಗಳೂರಿನ ಸಂತೆಗಳಿಗೆ ಸೊಗಡಿನ ಅವರೆ ಬಂದಾಗ ವ್ಯವಸ್ಥೆ ಇನ್ನೂ ಸೂಕ್ಷ್ಮವಾಗುತ್ತದೆ. ಹಿತಕಿದ ಬೇಳೆಯ ಸಾರು ಬೇಕೆಂದರೆ ಬಿಡಿಸಿದ ಕಾಳನ್ನು ರಾತ್ರಿಯೆಲ್ಲ ನೀರಿನಲ್ಲಿಟ್ಟು ಬೆಳಗ್ಗೆ ಒಂದೊಂದನ್ನೇ ಬೆರಳ ನಡುವೆ ಹಿಚುಕಿ ಸಿಪ್ಪೆ ಕಳಚಬೇಕು. ತಿನ್ನುವವನಿಗೆ ಐದು ನಿಮಿಷ, ಮಾಡುವವರಿಗೆ ಅರ್ಧ ದಿನ. ಹಿಚುಕುವ ಕೆಲಸಕ್ಕೆ ನೆರೆಮನೆಯವರೂ ಬಂದು ಕೂರುತ್ತಿದ್ದರು. ಬರುವ ನೆಂಟನ ಗುಣದೋಷಗಳ ವಿಚಾರಣೆ ಅವನು ಬರುವುದಕ್ಕೆ ಮೊದಲೇ ಅಲ್ಲಿ ಮುಗಿದಿರುತ್ತಿತ್ತು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಬಲ್ಲಾಳನ ಮುದುಕಿಯ ಚಿತ್ರ ಬರೆಯುವ ನಮ್ಮ ಮಕ್ಕಳು ಕಾಳಿನ ಪಕ್ಕದಲ್ಲಿ ಕೆಂಪು ಮೆಣಸಿನಕಾಯಿ ಬರೆಯುತ್ತಾರೆ. ಮೆಣಸಿನಕಾಯಿ ಅಮೆರಿಕ ಖಂಡದ ಬೆಳೆ. ಪೋರ್ಚುಗೀಸರ ಹಡಗುಗಳು ಬಂದಮೇಲೆ, ಹದಿನಾರನೆಯ ಶತಮಾನದಿಂದೀಚೆಗೆ, ನಮ್ಮಲ್ಲಿ ಹರಡಿದ್ದು. ಟೊಮೇಟೊ, ಆಲೂಗಡ್ಡೆ, ಕಡಲೆಕಾಯಿಗಳ ಕಥೆಯೂ ಅದೇ. ಹಿಂದಿನವರ ಖಾರವೆಲ್ಲ ಕರಿಮೆಣಸಿನದು. ಹುಳಿ ಹುಣಿಸೆಯದು, ಇಲ್ಲವೆ ಮಜ್ಜಿಗೆಯದು.

ಎರಡನೆಯದು ಬೆಳಗಿನ ತಿಂಡಿ. ಇಡ್ಲಿಯ ಮಾತು ಬಾರದೆ ಇದು ಮುಂದೆ ಸಾಗದು. ಕನ್ನಡದ ಆದಿಗದ್ಯಕೃತಿಗಳಲ್ಲಿ ಒಂದಾದ ‘ವಡ್ಡಾರಾಧನೆ’ಯಲ್ಲಿ ‘ಇಡ್ಡಲಿಗೆ’ ಎಂಬ ಹೆಸರು ಕಾಣಬರುತ್ತದೆ. ಶಿವಕೋಟ್ಯಾಚಾರ್ಯನ ಈ ಗ್ರಂಥವನ್ನು ಹತ್ತನೆಯ ಶತಮಾನದ ಆರಂಭಕ್ಕೆ, ಸುಮಾರು ೯೨೦ಕ್ಕೆ, ಹಾಕುತ್ತಾರೆ. ಸಂದರ್ಭವನ್ನು ಗಮನಿಸಿ: ಮನೆಗೆ ಬಂದ ಬ್ರಹ್ಮಚಾರಿಯೊಬ್ಬನಿಗೆ ಗೃಹಿಣಿ ನೀಡುವ ಹದಿನೆಂಟು ತಿನಿಸುಗಳಲ್ಲಿ ಇಡ್ಡಲಿಗೆಯೂ ಒಂದು. ಎಂದರೆ ನಮಗೆ ತಿಳಿದಮಟ್ಟಿಗೆ ಇಡ್ಲಿಯ ಹೆಸರು ಬರಹಕ್ಕೆ ಇಳಿದದ್ದೇ ಅತಿಥಿಯ ಎಲೆಯ ಮೇಲಿಂದ. ಬಂದವನ ಮುಂದೆ ಹದಿನೆಂಟು ಬಗೆಯನ್ನು ಇಡುವ ಮನೆಯಲ್ಲಿ ಅಷ್ಟನ್ನೂ ಅವನು ಕಾಲು ತೊಳೆಯುವಷ್ಟರಲ್ಲಿ ಮಾಡಿದರೆಂದು ನಾನು ನಂಬಲಾರೆ. ಬಹುಪಾಲು ಡಬ್ಬಗಳಲ್ಲಲ್ಲದಿದ್ದರೆ ಮಡಕೆಗಳಲ್ಲಿ ಸಿದ್ಧವಾಗಿಯೇ ಇದ್ದಿರಬೇಕು. ಜೈನ ಸಂಪ್ರದಾಯದಲ್ಲಿ ಸೂರ್ಯಾಸ್ತವಾದಮೇಲೆ ಉಣ್ಣುವಂತಿಲ್ಲವೆಂಬುದನ್ನೂ ನೆನೆಯಿರಿ. ಇಳಿಹೊತ್ತಿನಲ್ಲಿ ಬಾಗಿಲಿಗೆ ಬಂದ ಜೈನ ಅತಿಥಿಗೆ ಬಡಿಸಲು ಉಳಿದಿರುವ ಕಾಲ ಬಹಳ ಸ್ವಲ್ಪ. ಮಾಡಿಟ್ಟದ್ದಿಲ್ಲದಿದ್ದರೆ ಅವನು ಉಪವಾಸ.

ಬೇಗೂರಿನ ಕಲ್ಲಿಗೂ ಈ ಗ್ರಂಥಕ್ಕೂ ನಡುವೆ ಸುಮಾರು ಮೂವತ್ತು ವರ್ಷಗಳ ಅಂತರ. ಒಂದು ತಲೆಮಾರಿನ ಕಾಲ. ಕಲ್ಲು ಸತ್ತವನನ್ನು ನೆನೆಯಿತು, ಓಲೆ ಬಡಿಸಿದವಳನ್ನು ನೆನೆಯಿತು. ಕಲ್ಲನ್ನು ಚರಿತ್ರೆಯೆಂದೂ ಓಲೆಯನ್ನು ಸಾಹಿತ್ಯವೆಂದೂ ಎರಡು ಕೋಣೆಗಳಲ್ಲಿಟ್ಟು ಬೀಗ ಹಾಕಿದವರು ನಾವು, ನನ್ನಂಥ ಉಪಾಧ್ಯಾಯರು.

ಅಂದಿನ ಇಡ್ಡಲಿಗೆ ಇಂದಿನ ಇಡ್ಲಿಯೇ ಎಂದು ಮಾತ್ರ ತಿಳಿಯಬೇಡಿ. ಚಾಲುಕ್ಯ ಜಯಸಿಂಹನ ಕಾಲದಲ್ಲಿ, ೧೦೨೫ರಲ್ಲಿ, ಚಾವುಂಡರಾಯನೆಂಬ ಕವಿ ಬರೆದ ‘ಲೋಕೋಪಕಾರ’ದಲ್ಲಿ ನೀರಿನ ಸೆಲೆ ನೋಡುವುದರಿಂದ ಹಿಡಿದು ಗಿಡಗಳ ಚಿಕಿತ್ಸೆಯವರೆಗೆ ಗೃಹಸ್ಥನಿಗೆ ಬೇಕಾದ ಎಲ್ಲ ವಿದ್ಯೆಗಳ ಜೊತೆಗೆ ಸೂಪಶಾಸ್ತ್ರವೂ ಇದೆ. ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ, ನುಣ್ಣಗೆ ರುಬ್ಬಿ, ಮೊಸರಿನ ತಿಳಿನೀರು, ಜೀರಿಗೆ, ಕೊತ್ತುಂಬರಿ, ಮೆಣಸು, ಇಂಗುಗಳನ್ನು ಕೂಡಿಸುವ ಕ್ರಮ ಅಲ್ಲಿ ಬರುತ್ತದೆ. ಅದೇ ವಂಶದ ಮೂರನೆಯ ಸೋಮೇಶ್ವರನು ಮುಂದಿನ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ‘ಇಡ್ಡರಿಕೆ’ಯೂ ಉದ್ದಿನದೇ, ತುಪ್ಪದಲ್ಲಿ ಕರಿದದ್ದು. ಅಕ್ಕಿಯನ್ನು ಸೇರಿಸುವುದು, ರಾತ್ರಿ ಹುಳಿಯಲು ಬಿಡುವುದು, ಆವಿಯಲ್ಲಿ ಬೇಯಿಸುವುದು ಈ ಮೂರೂ ಆ ಹಳೆಯ ವಿವರಣೆಗಳಲ್ಲಿ ಕಾಣುವುದಿಲ್ಲವೆಂದು ಆಹಾರದ ಇತಿಹಾಸಕಾರ ಕೆ. ಟಿ. ಅಚಯ ತೋರಿಸಿದ್ದಾರೆ. ಇಂಡೊನೇಷ್ಯಾದ ಕಡೆಯಿಂದ ಈ ವಿದ್ಯೆ ಬಂದಿರಬಹುದೆಂದೂ ಅವರು ಊಹಿಸಿದ್ದುಂಟು. ಊಹೆ ಚತುರವಾದದ್ದೇ, ಆದರೆ ಪತ್ರಿಕೆಗಳಲ್ಲಿ ಅದನ್ನು ನಿಶ್ಚಯವೆಂಬಂತೆ ಬರೆಯುವುದನ್ನು ನಾನು ಒಪ್ಪಲಾರೆ.

ಹುಳಿಯುವ ಹಿಟ್ಟಿನ ದೊಡ್ಡ ಗುಣವೆಂದರೆ ಮನೆಯವರೆಲ್ಲ ಮಲಗಿದಾಗ ಅದು ಕೆಲಸ ಮಾಡುತ್ತದೆ. ಒಂದು ಪಾಲು ಉದ್ದು, ಎರಡೂವರೆ ಮೂರು ಪಾಲು ಅಕ್ಕಿ ಅಥವಾ ತರಿ. ಸಂಜೆ ರುಬ್ಬಿ ಮುಚ್ಚಿಟ್ಟರೆ ಬೇಸಗೆಯಲ್ಲಿ ಎಂಟು ತಾಸಿಗೆ ಉಬ್ಬುತ್ತದೆ. ಬೆಂಗಳೂರಿನ ಡಿಸೆಂಬರಿನ ಚಳಿಗೆ ಹನ್ನೆರಡು ತಾಸೂ ಸಾಲದೆ ಹೋಗಬಹುದು. ಆಗ ಪಾತ್ರೆಯನ್ನು ಒಲೆಯ ಮಗ್ಗುಲಲ್ಲಿ, ಕಂಬಳಿ ಹೊದಿಸಿ ಮಲಗಿಸುತ್ತಿದ್ದರು. ಅತಿಥಿಗೂ ಹಿಟ್ಟಿಗೂ ಒಂದೇ ಕಂಬಳಿ ಇದ್ದ ಮನೆಗಳೂ ಉಂಟು!

ಮೂರನೆಯದಾದ ಬುತ್ತಿಗೆ ಬರೋಣ. ‘ಭುಕ್ತಿ’ಯ ತದ್ಭವವಾದ ಈ ಮಾತಿನ ಹಿಂದೆ ಮಡಿಯ ದೊಡ್ಡ ಇತಿಹಾಸವೇ ಇದೆ. ರಾತ್ರಿ ಕಳೆದ ಅಡಿಗೆ ತಂಗಳು, ನಿಷ್ಠರಿಗೆ ನಿಷಿದ್ಧ. ಹಾಗೆಂದು ದೂರ ನಡೆಯುವವನು ಉಣ್ಣದೆ ಇರಲಾದೀತೆ? ಮನುಸ್ಮೃತಿಯ ಐದನೆಯ ಅಧ್ಯಾಯವೇ ಒಂದು ಬಾಗಿಲನ್ನು ತೆರೆದಿಟ್ಟಿದೆ: ತುಪ್ಪ ಎಣ್ಣೆಗಳ ಸ್ನೇಹ ಸೇರಿದ ಪದಾರ್ಥ ರಾತ್ರಿ ಕಳೆದರೂ ತಿನ್ನಬಹುದು, ಹುಳಿತವುಗಳಲ್ಲಿ ಮೊಸರಿಗೆ ದೋಷವಿಲ್ಲ. ಈ ಎರಡು ವಿನಾಯಿತಿಗಳನ್ನು ಮುಂದಿಟ್ಟುಕೊಂಡು ನಮ್ಮ ಬುತ್ತಿಯನ್ನು ನೋಡಿ. ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು, ಎಣ್ಣೆ ತೇಲುವ ಪುಳಿಯೋಗರೆ ಗೊಜ್ಜು, ಮೊಸರನ್ನ. ಉತ್ತರ ಕರ್ನಾಟಕದವರು ಮೊಸರನ್ನಕ್ಕೆ ಬುತ್ತಿಯೆಂದೇ ಹೆಸರಿಟ್ಟುಬಿಟ್ಟಿದ್ದಾರೆ. ಧರ್ಮಶಾಸ್ತ್ರದ ಒಂದು ವಿನಾಯಿತಿ ಹೆಂಗಸರ ಕೈಗೆ ಸಿಕ್ಕಿ ಇಷ್ಟೊಂದು ತಿಂಡಿಗಳಾದವು. ಎಣ್ಣೆ, ಹುಳಿ, ಉಪ್ಪುಗಳು ಕೆಡುವುದನ್ನು ತಡೆಯುತ್ತವೆಂಬುದು ಇಂದಿನ ವಿಜ್ಞಾನದ ಮಾತೂ ಹೌದು. ಹೊಲಕ್ಕೆ ಹೋಗುವ ಮನೆಗಳಲ್ಲಿ ಈ ತರ್ಕವೆಲ್ಲ ಬೇಕಿರಲಿಲ್ಲ. ನಿನ್ನೆಯ ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿ, ಈರುಳ್ಳಿ ಕಡಿದುಕೊಂಡು, ತಂಗಳೆಂದು ಹೆಮ್ಮೆಯಿಂದಲೇ ಉಂಡರು.

ಬೆಂಕಿಯನ್ನೇ ಬೇಡದ ಒಂದು ಸಿದ್ಧಾನ್ನವಿದೆ, ಹುರಿಹಿಟ್ಟು. ಸಂಸ್ಕೃತದ ‘ಸಕ್ತು’ ಇದರ ಹಿರಿಯಣ್ಣ. ಋಗ್ವೇದದಲ್ಲೇ ಅದನ್ನು ಜರಡಿ ಹಿಡಿಯುವ ಮಾತು ಬರುತ್ತದೆ. ನಮ್ಮ ಕಡೆ ರಾಗಿಗೆ ಮಜ್ಜಿಗೆ ಚಿಮುಕಿಸಿ ನೆನೆಯಲು ಬಿಟ್ಟು, ಕಾದ ಬಾಣಲೆಯಲ್ಲಿ ಅರಳಿಸಿ, ಬೀಸಿ ಇಡುತ್ತಾರೆ. ಗಾಳಿಯಾಡದ ಡಬ್ಬಿಯಲ್ಲಿ ವಾರಗಟ್ಟಲೆ ಇರುತ್ತದೆ. ನಡುರಾತ್ರಿ ಬಂದವನಿಗೆ ಬೆಲ್ಲ, ಕಾಯಿತುರಿ, ಹಾಲು ಬೆರೆಸಿಕೊಟ್ಟರೆ ಆಯಿತು. ಇಷ್ಟು ಸರಳವಾದದ್ದು ಅರಮನೆಯ ಪಾಕಗ್ರಂಥಗಳಿಗೆ ಹೇಗೆ ತಾನೆ ರುಚಿಸೀತು! ೧೫೦೮ರ ಸುಮಾರಿಗೆ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವನ್ನು ಪದ್ಯದಲ್ಲೇ ಬರೆದು ಪಿಷ್ಟಪಾಕ, ಶಾಕಪಾಕಗಳನ್ನು ವರ್ಣಿಸಿದ. ರಸಿಕನಾದ ಪ್ರಭು, ಬರವಣಿಗೆಯೂ ರಸವತ್ತಾದದ್ದೇ. ಆದರೆ ದೊರೆಗಳ ಅಡಿಗೆಯಲ್ಲಿ ಆಳುಕಾಳುಗಳಿದ್ದರು. ನಾಳೆಗೇನು ಎಂಬ ಚಿಂತೆ ಆ ಗ್ರಂಥಗಳಲ್ಲಿಲ್ಲ.

ಊರೂರಿಗೆ ಛತ್ರ ಅರವಟ್ಟಿಗೆಗಳು ಬಂದಮೇಲೆ ಮನೆಯ ಹೊರೆ ಸ್ವಲ್ಪ ಇಳಿಯಿತು. ರೈಲು ಬಂದಮೇಲೆ ಬೆಂಗಳೂರಿಗೆ ಬರುವ ಪ್ರವಾಸಿಗಳು ಹೆಚ್ಚಿ, ೧೯೦೩ರಲ್ಲಿ ನಿಲ್ದಾಣದ ಎದುರಿಗೆ ಗುಬ್ಬಿ ತೋಟದಪ್ಪನವರ ಛತ್ರ ತೆರೆಯಿತು. ೧೯೨೪ರಲ್ಲಿ ಮಯ್ಯ ಸಹೋದರರ ಉಪಾಹಾರ ಮಂದಿರ ಆರಂಭವಾಯಿತು. ಮುಂದೆ ಮಾವಳ್ಳಿ ಟಿಫಿನ್ ರೂಮ್ ಎಂದು ಹೆಸರಾದದ್ದು ಇದೇ. ೧೯೪೨ರಲ್ಲಿ ಬರ್ಮಾ ಜಪಾನಿಗೆ ಸೋತು ಅಲ್ಲಿಯ ಅಕ್ಕಿ ನಿಂತಾಗ ರವೆಯಿಂದ ಇಡ್ಲಿ ಮಾಡುವುದನ್ನು ತಾವೇ ಕಂಡುಹಿಡಿದೆವೆಂದು ಆ ಮನೆಯವರು ಹೇಳುತ್ತಾರೆ. ರವೆಯ ಇಡ್ಲಿಗೆ ರುಬ್ಬುವುದಿಲ್ಲ, ಹುಳಿಯಲು ಕಾಯುವುದಿಲ್ಲ. ಯುದ್ಧದ ಅಭಾವ ಒಂದು ರಾತ್ರಿಯ ಕೆಲಸವನ್ನೇ ಉಳಿಸಿತು. ಐವತ್ತರ ದಶಕದಲ್ಲಿ ಕೊಯಮತ್ತೂರಿನ ವಿದ್ಯುತ್ತಿನ ರುಬ್ಬುಗುಂಡು ಬಂತು. ತುರ್ತು ಪರಿಸ್ಥಿತಿಯ ಕಾಲಕ್ಕೆ ಪೊಟ್ಟಣದ ಸಿದ್ಧಮಿಶ್ರಣಗಳು ಬಂದವು. ೨೦೦೫ರಲ್ಲಿ ಬೆಂಗಳೂರಿನಲ್ಲೇ ರುಬ್ಬಿದ ಹಿಟ್ಟನ್ನು ಮಾರುವ ಐಡಿ ಎಂಬ ಸಂಸ್ಥೆ ಹುಟ್ಟಿತು. ಈಗ ಅರೆಕೆರೆಯ ಯಾವ ಅಂಗಡಿಯಲ್ಲಿ ಕೇಳಿದರೂ ಹಿಟ್ಟು ಸಿಗುತ್ತದೆ. ಹಿಟ್ಟು ಅಂಗಡಿಯದೆಂದು ಮೂಗು ಮುರಿಯುವವರನ್ನು ನಾನು ಬಲ್ಲೆ. ಅವರಲ್ಲಿ ಹೆಚ್ಚಿನವರು ಎಂದೂ ಒರಳಿನ ಮುಂದೆ ಕೂತವರಲ್ಲ.

ನಾನೂ ಕೂತವನಲ್ಲ. ನನ್ನ ಬಾಲ್ಯದಲ್ಲಿ ಸಂಜೆಯ ಕೊನೆಯ ಬಸ್ಸು ಮನೆಗೆ ಯಾರನ್ನಾದರೂ ತಂದು ಇಳಿಸುತ್ತಿತ್ತು. ಹಾರನ್ನಿನ ಸದ್ದು ಕೇಳಿದೊಡನೆ ತಾಯಿ ಮುಚ್ಚಳ ತೆಗೆದು ಮಡಕೆಯೊಳಗೆ ಒಮ್ಮೆ ನೋಡುತ್ತಿದ್ದಳು. ಆ ನೋಟದ ಅರ್ಥ ನನಗೆ ಆಗ ತಿಳಿಯಲಿಲ್ಲ. ಕಾಳು ಯಾವಾಗಲೂ ಇರುತ್ತಿತ್ತು, ಬಂದವರಿಗೆ ಎರಡನೆಯ ಸಲಕ್ಕೂ ಸಾಕಾಗುತ್ತಿತ್ತು. ನಾವು ಮಕ್ಕಳು ಅದನ್ನು ಅಕ್ಷಯಪಾತ್ರೆಯೆಂದೇ ನಂಬಿದ್ದೆವು. ಎಷ್ಟೋ ವರ್ಷಗಳ ಮೇಲೆ, ಅವಳು ಮುದುಕಿಯಾದಾಗ, ಒಂದು ದಿನ ಕೇಳಿದೆ: ಲೆಕ್ಕ ಹೇಗೆ ಇಡುತ್ತಿದ್ದೆ ಎಂದು. ‘ಲೆಕ್ಕ ಏನು ಬಂತು, ಮನೆಯವರಿಗೆಷ್ಟೋ ಅಷ್ಟು, ಮೇಲೊಂದು ಹಿಡಿ ನೆನೆಹಾಕುತ್ತಿದ್ದೆ’ ಎಂದಳು. ಇಬ್ಬರು ಬಂದರೆ? ‘ಇಬ್ಬರು ಬಂದರೆ ನನ್ನದು ಇತ್ತಲ್ಲ’ ಎಂದಳು.

ಮರುದಿನ ತರಗತಿಗೆ ಹೋಗಿ ಆ ಹುಡುಗಿಯನ್ನು ಕರೆದೆ. ಹಲಗೆಯ ಮೇಲೆ ಹಿಂದಿನಂತೆಯೇ ೮೯೦, ೧೧೭೩ ಎಂದು ಬರೆದೆ. ಊರಿನ ಹೆಸರಿನ ಕಥೆ ಸುಳ್ಳೇ, ಅದರಲ್ಲಿ ಬದಲಾವಣೆಯಿಲ್ಲ ಎಂದೆ. ಅಜ್ಜಿಯ ವಿಷಯ ಬೇರೆ, ಅವಳನ್ನು ಪರೀಕ್ಷಿಸುವುದಕ್ಕೆ ಶಾಸನ ಬೇಡ, ನಿನ್ನ ಮನೆಯಲ್ಲಿ ಈ ರಾತ್ರಿ ಕಾಳು ನೆನೆಹಾಕುವವರು ಯಾರು, ಎಷ್ಟು ಹಿಡಿ ಹಾಕುತ್ತಾರೆ, ಯಾರ ಪಾಲಿನದು ಯಾರಿಗೆ ಹೋಗುತ್ತದೆ ಎಂಬುದನ್ನು ಕೇಳಿ ಬರೆದುಕೊಂಡು ಬಾ ಎಂದು ಹೇಳಿದೆ. ಅವಳು ಎರಡು ಪುಟ ಬರೆದು ತಂದಳು. ಅಳತೆಗಳಲ್ಲಿ ಒಂದೆರಡು ಕಡೆ ತಪ್ಪಿತ್ತು, ತಿದ್ದಿ ಕೊಟ್ಟೆ.